ಜಲಪಾತಕ್ಕಿಂತ ಮೊದಲು ಹೊಳೆ ನೋಡಿ

ಶಿರಸಿ, ಸಿದ್ದಾಪುರದ ಕಡೆಯ ಜಲಪಾತಗಳಿಗೆ ಜನರನ್ನು ಕರೆದೊಯ್ಯುವುದು ನನ್ನ ಕೆಲಸ. ಹೊರಡುವವರಿಗೆ ನಾನು ಹೇಳುವ ಮಾತುಗಳು ಇವು.

1. ನೀರು ಯಾರ ಕೈಯಲ್ಲಿದೆ ಎಂದು ವಿಚಾರಿಸಿ. ಜೋಗದಲ್ಲಿ ಶರಾವತಿ ಧುಮುಕುವುದು 253 ಮೀಟರ್. ಆದರೆ ಎಷ್ಟು ನೀರು ಧುಮುಕುತ್ತದೆ ಎಂಬುದು 1964ರಿಂದ ಈಚೆಗೆ ಬಹುಮಟ್ಟಿಗೆ ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನ ಮಾತು. ಜಲಾಶಯ 1,819 ಅಡಿಗೆ ತುಂಬುತ್ತ ಬಂದು ಗೇಟು ತೆಗೆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಕೂಡಿಕೊಳ್ಳುವಷ್ಟು ನೀರು. ಇಲ್ಲವಾದರೆ ಬಂಡೆಯೇ ಹೆಚ್ಚು. ಉಂಚಳ್ಳಿ ಜಲಪಾತದಲ್ಲಿ ಹಾಗಲ್ಲ. ಅಲ್ಲಿ ಧುಮುಕುವ ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ, ಘಟ್ಟದ ಮಳೆ ನೇರವಾಗಿ 116 ಮೀಟರ್ ಕೆಳಕ್ಕೆ ಬೀಳುತ್ತದೆ. ಹೊಳೆಯೊಂದು ತನ್ನಿಷ್ಟದಂತೆ ಹರಿಯುವುದನ್ನು ನೋಡಬೇಕೆನ್ನುವವರನ್ನು ನಾನು ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ.

2. ಜುಲೈನಲ್ಲಿ ಬಂದರೆ ಸಮಯ ಇಟ್ಟುಕೊಂಡು ಬನ್ನಿ. ಕಣಿವೆಯಲ್ಲಿ ಮಂಜು ತುಂಬಿ ಸದ್ದು ಮಾತ್ರ ಕೇಳುತ್ತದೆ. ಹತ್ತು ನಿಮಿಷಕ್ಕೆ ಬೇಸತ್ತು ವಾಪಸ್ಸಾಗುವವರೇ ಬಹಳ. ಗಾಳಿ ತಿರುಗಿದರೆ ಮಂಜು ಸರಿದು ಇಡೀ ಕಣಿವೆ ತೆರೆಯುತ್ತದೆ. ಅದಕ್ಕಾಗಿ ಒಂದು ಗಂಟೆ ಕೂತರೂ ನಷ್ಟವಿಲ್ಲ. ಅಷ್ಟು ಪುರುಸೊತ್ತು ಇಲ್ಲದವರಿಗೆ ದಸರಾ ಆಸುಪಾಸು ಒಳ್ಳೆಯದು: ನೀರು ಇನ್ನೂ ಇರುತ್ತದೆ, ನೋಟ ತಿಳಿಯಾಗಿರುತ್ತದೆ.

3. ನಿಮ್ಮ ತಲೆಯ ಮೇಲೆ ಬಿಸಿಲಿದೆ ಎಂದು ಹೊಳೆಯನ್ನು ನಂಬಬೇಡಿ. ಮಳೆ ಮೇಲಿನ ಗುಡ್ಡದಲ್ಲಿ ಸುರಿದಿರುತ್ತದೆ, ನೀರು ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಹತ್ತಿರ ಬರುತ್ತದೆ. ತಿಳಿನೀರು ಕೆಂಪಾಯಿತೇ? ತರಗೆಲೆ, ಕಡ್ಡಿ ರಾಶಿಯಾಗಿ ತೇಲಿ ಬಂದವೇ? ಬೀಳುವ ನೀರಿನ ಸದ್ದು ದಪ್ಪವಾಯಿತೇ? ಇವುಗಳಲ್ಲಿ ಒಂದು ಕಂಡರೂ ಚೀಲ, ಚಪ್ಪಲಿ ಹುಡುಕುತ್ತ ನಿಲ್ಲಬಾರದು. ಇದ್ದ ದಡದಲ್ಲೇ ಎತ್ತರಕ್ಕೆ ಹತ್ತಿ. ಬಂದ ದಾರಿ ಆಚೆ ದಡದಲ್ಲಿದೆ ಎಂದು ಹೊಳೆ ದಾಟಲು ಹೊರಡುವುದೇ ಎಲ್ಲಕ್ಕಿಂತ ಅಪಾಯ. ನೀರು ಇಳಿಯುವ ತನಕ ಕಾಯಿರಿ, ರಾತ್ರಿಯಾದರೂ ಸರಿ.

4. ಬೀಳುವ ನೀರಿನ ಬುಡಕ್ಕೆ ಈಜಬೇಡಿ. ಅಲ್ಲಿಯ ಬಿಳಿನೊರೆಯಲ್ಲಿ ಗಾಳಿ ಬಹಳ ಸೇರಿರುತ್ತದೆ, ಮೈಯನ್ನು ಸರಿಯಾಗಿ ತೇಲಿಸುವುದಿಲ್ಲ. ಒಳಸುಳಿ ಬಂಡೆಯ ಸಂದಿಗೆ ಎಳೆಯುತ್ತದೆ. ಒಳ್ಳೆಯ ಈಜುಗಾರರಿಗೂ ಇದೇ ಮಾತು. ಹಾವಸೆ ಕಟ್ಟಿದ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

5. ಉಂಬಳಕ್ಕೆ (ಜಿಗಣೆಗೆ) ಹೆದರಬೇಡಿ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಂಡರೆ ಹತ್ತುವುದು ಕಡಿಮೆ. ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ಒತ್ತಿ ಹಿಡಿಯಿರಿ.

6. ದಾರಿಯಲ್ಲಿ ಸಿಗುವ ತೋಟದ ಮನೆಯಲ್ಲಿ ಒಂದು ಮಾತು ಕೇಳಿ ಮುಂದೆ ಹೋಗಿ. ನಿನ್ನೆ ರಾತ್ರಿ ಎಷ್ಟು ಮಳೆ ಹೊಯ್ದಿದೆ, ಯಾವ ಸಂಕ (ಕಾಲುಸೇತುವೆ) ಗಟ್ಟಿಯಿದೆ, ಯಾವುದು ಕೊಚ್ಚಿಹೋಗಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿಲ್ಲ. ‘ಇವತ್ತು ಇಳಿಯೋದು ಬೇಡ’ ಎಂದು ಅವರು ಅಂದ ದಿನ ನಾನು ಗುಂಪನ್ನು ಅಲ್ಲಿಂದಲೇ ತಿರುಗಿಸುತ್ತೇನೆ, ಬೆಂಗಳೂರಿನಿಂದ ಬಂದವರು ಎಷ್ಟೇ ಒತ್ತಾಯ ಮಾಡಲಿ.