ಫಲಕದಲ್ಲಿ ಪೂರ್ಣ ಹೆಸರೇಕೆ? ಕಂಪನಿ ಕಾಯ್ದೆಯ 12ನೇ ಕಲಂ

ಕಂಪನಿಯ ಹೆಸರಿನ ಕೊನೆಯ ‘ಲಿಮಿಟೆಡ್’ ಅಲಂಕಾರವಲ್ಲ, ಎಚ್ಚರಿಕೆ. ವ್ಯವಹಾರ ಮುಳುಗಿದರೆ ಷೇರುದಾರರ ಹೊಣೆ ಸೀಮಿತ, ಅವರ ಮನೆ-ಮಠಕ್ಕೆ ಕೈ ಹಾಕಲಾಗದು ಎಂದು ಅದು ಸಾಲ ಕೊಡುವವನಿಗೆ ಮೊದಲೇ ತಿಳಿಸುತ್ತದೆ. ಆದ್ದರಿಂದಲೇ 2013ರ ಕಂಪನಿಗಳ ಕಾಯ್ದೆಯ 4ನೇ ಕಲಂ ಸಾರ್ವಜನಿಕ ಕಂಪನಿಗೆ ‘ಲಿಮಿಟೆಡ್’, ಖಾಸಗಿ ಕಂಪನಿಗೆ ‘ಪ್ರೈವೇಟ್ ಲಿಮಿಟೆಡ್’ ಎಂಬ ಪದವನ್ನು ಕಡ್ಡಾಯಗೊಳಿಸಿದೆ. 8ನೇ ಕಲಮಿನ ಸೇವಾ ಉದ್ದೇಶದ ಕಂಪನಿಗಳಿಗೆ ವಿನಾಯಿತಿ ಇದೆ. 12ನೇ ಕಲಮಿನಂತೆ ಪ್ರತಿ ಕಚೇರಿಯ ಹೊರಗೆ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸ ಎದ್ದು ಕಾಣಬೇಕು. ಅದು ಸ್ಥಳೀಯ ಭಾಷೆಯಲ್ಲೂ ಇರಬೇಕು, ಅಂದರೆ ಕರ್ನಾಟಕದಲ್ಲಿ ಕನ್ನಡದಲ್ಲೂ. ಪತ್ರ, ಬಿಲ್ಲುಗಳಲ್ಲಿ ಇವುಗಳ ಜೊತೆಗೆ 21 ಅಕ್ಷರಾಂಕಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಕೂಡ ಇರಬೇಕು. ಎರಡು ವರ್ಷದೊಳಗೆ ಹೆಸರು ಬದಲಾಗಿದ್ದರೆ ಹಳೆಯ ಹೆಸರನ್ನೂ ಕಾಣಿಸಬೇಕು.

ಜನಪ್ರಿಯ ಬ್ರ್ಯಾಂಡ್ ಹೆಸರೇ ಸಾಲದೇ ಎಂಬ ಆಕ್ಷೇಪವಿದೆ. ಸಾಲದು. ಟಾಟಾ ಸ್ಟೀಲ್ ಲಿಮಿಟೆಡ್, ದಿ ಟಾಟಾ ಪವರ್ ಕಂಪನಿ ಲಿಮಿಟೆಡ್ ಒಂದೇ ಮನೆತನದ ಹೆಸರು ಹೊತ್ತರೂ ಕಾನೂನಿನ ಕಣ್ಣಲ್ಲಿ ಬೇರೆ ಬೇರೆ ವ್ಯಕ್ತಿಗಳು. ಬರೀ ‘ಟಾಟಾ’ ಎಂದರೆ ನೋಟಿಸ್ ಯಾರಿಗೆ ಕಳಿಸಬೇಕು? ಸಿಐಎನ್ ಸಂಖ್ಯೆ ಇದೆಯಲ್ಲ ಎಂದರೆ, ಅದು ದಾಖಲೆ ಹುಡುಕಲು ನೆರವಾದೀತು. ಬಾಗಿಲಲ್ಲಿ ನಿಂತ ಗ್ರಾಹಕ ಓದುವುದು ಹೆಸರನ್ನೇ. ಬ್ರ್ಯಾಂಡ್ ಬಳಕೆಗೆ ಕಾಯ್ದೆಯ ಅಡ್ಡಿಯಿಲ್ಲ, ಆದರೆ ಹೆಸರು ಮರೆಮಾಚಿದರೆ ದಂಡ: ದಿನಕ್ಕೆ 1,000 ರೂಪಾಯಿ, ಗರಿಷ್ಠ 1 ಲಕ್ಷ.