ಹತ್ತು ಕಾಲಿನ ಜೇಡ ಇದೆಯೇ?

ಗೆಳೆಯರೇ, ಆರು ಕಾಲು ಇದ್ದರೆ ಕೀಟ, ಎಂಟು ಕಾಲು ಇದ್ದರೆ ಜೇಡ ಅಥವಾ ಚೇಳಿನ ಬಳಗ ಎಂದು ನಾವು ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಹಾಗಾದರೆ ಹತ್ತು ಕಾಲಿನ ಹುಳ ಕಂಡರೆ ಅದಕ್ಕೆ ಏನನ್ನಬೇಕು?

ಈ ಬೇಸಿಗೆಯಲ್ಲಿ ಕುಕನೂರಿನ ನಮ್ಮ ಮನೆಯ ಪಡಸಾಲೆಗೆ ರಾತ್ರಿ ಅಂಥದೊಂದು ಹುಳ ಬಂತು. ಬಣ್ಣ ಒಣಗಿದ ಜೋಳದ ದಂಟಿನಂತೆ. ಮೈತುಂಬ ಕೂದಲು. ಓಟ ಬಹಳ ಜೋರು. ಅವ್ವ ಕಾಲು ಮೇಲೆ ಎತ್ತಿ ಕುಂತಳು. "ಇದು ಚೇಳಿಗಿಂತ ಕೆಟ್ಟದ್ದೈತಿ, ಹೊಡೀರಿ" ಅಂತ ಅಜ್ಜ ಚಪ್ಪಲಿ ತಗೊಂಡ. "ತಡಿ ಅಜ್ಜಾ, ಇದಕ ಕೊಂಡಿನ ಇಲ್ಲ ನೋಡು" ಎಂದು ನಾನು ಅದರ ಮೇಲೆ ಗಾಜಿನ ಬಾಟ್ಲಿ ಬೋರಲು ಹಾಕಿದೆ. ಅಪ್ಪ ಕೆಳಗೆ ರಟ್ಟು ತೂರಿಸಿದ.

ಮರುದಿನ ಶಾಲೆಗೆ ತಂದಾಗ ನಮ್ಮ ವಿಜ್ಞಾನದ ಗುರುಗಳು "ಹೆಸರು ಆಮೇಲೆ ಕೇಳು, ಮೊದಲು ಎಣಿಸು" ಅಂದ್ರು. ಬಾಟ್ಲಿಯ ಹೊರಗಿನಿಂದಲೇ ಭೂತಗನ್ನಡಿ ಹಿಡಿದು ನೋಡಿ ಬರೆದುಕೊಂಡದ್ದು ಹೀಗಿದೆ:

1. ಕಾಲು: ನೋಡಲು ಹತ್ತು. ಆದರೆ ಮುಂದಿನ ಎರಡು ಕಾಲಲ್ಲ, ಕೈ ಇದ್ದ ಹಾಗೆ. ಜೇಡಕ್ಕೆ ಇವೇ ಚಿಕ್ಕದಾಗಿರುತ್ತವೆ. ಚೇಳಿಗೆ ಇವೇ ದೊಡ್ಡ ಇಕ್ಕಳಗಳಾಗಿರುತ್ತವೆ. ಇವನ್ನು ಬಿಟ್ಟರೆ ನಿಜವಾದ ಕಾಲು ಎಂಟೇ.
2. ಮೈ: ಜೇಡಕ್ಕೆ ನಡು ಸಣ್ಣಗಿರುತ್ತದೆ. ಇದಕ್ಕೆ ಹಾಗಿಲ್ಲ. ಹೊಟ್ಟೆಯ ಮೇಲೆ ಉಂಗುರದಂಥ ಗೆರೆಗಳಿವೆ.
3. ಬಾಯಿ: ಬಾಯಿಯ ಮುಂದೆ ಎರಡು ದಪ್ಪ ಇಕ್ಕಳ. ಇವುಗಳಿಂದಲೇ ಬೇಟೆಯನ್ನು ಕತ್ತರಿಸಿ ಅರೆಯುತ್ತದೆ.
4. ಕಣ್ಣು: ತಲೆಯ ನಡುವೆ ಎರಡು. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು.
5. ಹಿಂಗಾಲು: ಕಡೆಯ ಒಂದೊಂದು ಕಾಲಿನ ಕೆಳಗೆ ಐದೈದು ಪುಟ್ಟ ಬೀಸಣಿಕೆಗಳಂಥವು. ವಾಸನೆ ತಿಳಿಯಲು ಇವು ಸಹಾಯ ಮಾಡುತ್ತವೆ.
6. ಕೊಂಡಿ ಇಲ್ಲ. ನೂಲು ತೆಗೆದು ಬಲೆ ನೇಯುವುದೂ ಇಲ್ಲ.

ಇಷ್ಟಾದ ಮೇಲೆ ಗುರುಗಳು ಹೆಸರು ಹೇಳಿದರು. ಇದು ಒಂಟೆ ಜೇಡ. ಇಂಗ್ಲಿಷಿನಲ್ಲಿ ಕ್ಯಾಮೆಲ್ ಸ್ಪೈಡರ್. ಹೆಸರಿನಲ್ಲಿ ಜೇಡ ಇದ್ದರೂ ಇದು ಜೇಡ ಅಲ್ಲ, ಚೇಳೂ ಅಲ್ಲ. ಮೂರೂ ಅರಾಕ್ನಿಡಾ ಎಂಬ ಒಂದೇ ವರ್ಗಕ್ಕೆ ಸೇರಿದವು, ದಾಯಾದಿಗಳಿದ್ದ ಹಾಗೆ. ಇದರ ಗಣದ ಹೆಸರು ಸೋಲಿಫ್ಯೂಗೆ. ಬಿಸಿಲಿನಿಂದ ಓಡಿಹೋಗುವುದು ಎಂದು ಅದರ ಅರ್ಥ. ಪ್ರಪಂಚದಲ್ಲಿ ಇದರ 1,000ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಬಯಲುಸೀಮೆಯಂಥ ಒಣ ಪ್ರದೇಶವೇ ಇದಕ್ಕೆ ಸೇರುತ್ತದೆ.

ಇದು ಮನುಷ್ಯರನ್ನು ಬೆನ್ನಟ್ಟುತ್ತದೆ ಎಂದು ಹೇಳುವವರಿದ್ದಾರೆ. ಹಗಲಲ್ಲಿ ಇದು ಹುಡುಕುವುದು ನೆರಳನ್ನು. ನಾವು ಓಡಿದರೆ ನಮ್ಮ ನೆರಳೂ ಓಡುತ್ತದೆ, ಅದರ ಹಿಂದೆ ಇದೂ ಬರುತ್ತದೆ! ರಾತ್ರಿ ದೀಪದ ಹತ್ತಿರ ಬರುವುದು ಅಲ್ಲಿ ಹುಳಗಳು ಸಿಗುತ್ತವೆಂದು. ಗೆದ್ದಲು, ಮಿಡತೆ, ಜಿರಳೆ ಇದರ ಆಹಾರ. ಹಾವು ಚೇಳುಗಳಂತೆ ಇದು ವಿಷ ಏರಿಸುವುದಿಲ್ಲ. ಆದರೆ ಹಿಡಿಯಲು ಹೋದರೆ ಜೋರಾಗಿ ಕಚ್ಚುತ್ತದೆ. ಕಚ್ಚಿದ ಜಾಗವನ್ನು ಸೋಪು ಹಚ್ಚಿ ತೊಳೆದು ಡಾಕ್ಟರಿಗೆ ತೋರಿಸಬೇಕು. ಅದೇ ಸಂಜೆ ನಾವು ಅದನ್ನು ಹೊಲದ ಒಡ್ಡಿನ ಹತ್ತಿರ ಬಿಟ್ಟು ಬಂದೆವು.

ಎಣಿಸಿ ನೋಡುವುದು ಏಕೆ ಮುಖ್ಯ? ಕಲ್ಲಿನ ಸಂದಿ, ಕುಳ್ಳಿನ ಒಟ್ಟಿಲು ಇರುವ ಕಡೆ ಕೆಂಪು ಚೇಳೂ ಇರುತ್ತದೆ. ದೊಡ್ಡ ಕರಿ ಚೇಳಿಗೆ ಇಕ್ಕಳ ದಪ್ಪ, ಅದನ್ನು ಕಂಡರೆ ಎಲ್ಲರೂ ಅಂಜುತ್ತಾರೆ. ಕೆಂಪು ಚೇಳು ಸಣ್ಣದು, ಇಕ್ಕಳವೂ ತೆಳು. ಆದರೆ ಜೀವಕ್ಕೆ ಹೆಚ್ಚು ಅಪಾಯ ಅದರಿಂದಲೇ, ಅದರಲ್ಲೂ ಚಿಕ್ಕ ಮಕ್ಕಳಿಗೆ. ಅದು ಕುಟುಕಿದವರಿಗೆ ಬೆವರು, ವಾಂತಿ ಬಂದು ಕೈಕಾಲು ತಣ್ಣಗಾದರೆ ವಿಷ ಹೃದಯದವರೆಗೆ ಹೋಗಿದೆ ಎಂದು ತಿಳಿಯಬೇಕು. ಮಹಾರಾಷ್ಟ್ರದ ಮಹಾಡ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಗುಳಿಗೆಯಿಂದ ಇಂಥ ರೋಗಿಗಳನ್ನು ಬದುಕಿಸಬಹುದೆಂದು ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಳಿಗೆಯನ್ನು ಡಾಕ್ಟರೇ ಕೊಡಬೇಕು. ಆದ್ದರಿಂದ ಚೇಳು ಕುಟುಕಿದರೆ ಮಂತ್ರ ಹಾಕಿಸುತ್ತಾ ಕೂಡದೆ ತಕ್ಷಣ ದವಾಖಾನೆಗೆ ಹೋಗಬೇಕು.

ನೆನಪಿಡಿ:
• ಗೊತ್ತಿಲ್ಲದ ಹುಳವನ್ನು ಬರಿಗೈಲಿ ಮುಟ್ಟಬೇಡಿ.
• ಮೊದಲು ಕೊಂಡಿ ಇದೆಯೇ ನೋಡಿ. ಇದ್ದರೆ ದೂರ ಸರಿದು ದೊಡ್ಡವರನ್ನು ಕರೆಯಿರಿ.
• ಚಪ್ಪಲಿ, ಹಾಸಿಗೆ ಝಾಡಿಸಿ ಬಳಸಿ.

ನಿಮ್ಮ ಮನೆಯಲ್ಲಿ ಹೊಸ ಹುಳ ಕಂಡರೆ ದೂರದಿಂದಲೇ ನೋಡಿ ಚಿತ್ರ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.