ವೀರ್ಯಾಣುವಿನ ತಲೆಯ ಟೊಪ್ಪಿಗೆ

ವೀರ್ಯ ಪರೀಕ್ಷೆಯ ವರದಿ ಕೈಗೆ ಬಂದೊಡನೆ ದಂಪತಿಗಳು ನೋಡುವುದು ಸಂಖ್ಯೆಯನ್ನು. ಇಷ್ಟು ಕೋಟಿ ಇದೆ ಎಂದಾದರೆ ಗಂಡನಲ್ಲಿ ದೋಷವಿಲ್ಲ, ಇನ್ನು ಹೆಂಡತಿಯನ್ನೇ ಪರೀಕ್ಷಿಸಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಅದೇ ಹಾಳೆಯಲ್ಲಿ ಚಲನೆ, ಆಕಾರ ಎಂಬ ಇನ್ನೆರಡು ಅಂಶಗಳಿರುತ್ತವೆ. ಆಕಾರವೇಕೆ ಮುಖ್ಯ ಎಂಬುದನ್ನು ಕಡಲಿನ ಒಂದು ಬಸವನಹುಳು ಚೆನ್ನಾಗಿ ತೋರಿಸಿಕೊಡುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ತೀರದ ಬಂಡೆಗಳಿಗೆ ಅಂಟಿಕೊಂಡು ಬದುಕುವ ಕೆಂಪು ಅಬಲೋನಿಯಲ್ಲಿ ಗಂಡು ಹೆಣ್ಣು ಕೂಡುವುದಿಲ್ಲ. ವೀರ್ಯಾಣು, ಅಂಡಾಣುಗಳನ್ನು ನೀರಿಗೆ ಬಿಡುತ್ತವೆ, ಮಿಲನ ಅಲ್ಲಿಯೇ. ಹೀಗಾಗಿ ವಿಜ್ಞಾನಿಗಳು ಅದನ್ನು ಗಾಜಿನ ಪಾತ್ರೆಯಲ್ಲಿಟ್ಟು ನೋಡಬಹುದಾಯಿತು. ವೀರ್ಯಾಣುವಿಗೆ ಈಜಲು ಬಾಲ, ಬಾಲದ ಬುಡದಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ, ತಲೆಯೊಳಗೆ ವಂಶವಾಹಿಗಳು. ತಲೆಯ ತುದಿಯಲ್ಲಿ ಟೊಪ್ಪಿಗೆಯಂಥ ಒಂದು ಚೀಲ. ಇದೇ ಆಕ್ರೋಸೋಮ್. ಅಂಡದ ಸುತ್ತ ಇರುವ ಗಟ್ಟಿ ಪೊರೆಯನ್ನು ಮುಟ್ಟಿದಾಗ ಈ ಚೀಲ ತೆರೆದುಕೊಂಡು ಲೈಸಿನ್ ಎಂಬ ಪ್ರೊಟೀನ್ ಹೊರಬೀಳುತ್ತದೆ. ಅದು ಪೊರೆಯನ್ನು ಕತ್ತರಿಸುವುದೂ ಇಲ್ಲ, ಜೀರ್ಣಿಸುವುದೂ ಇಲ್ಲ. ಎಳೆಗಳಿಗೆ ಅಂಟಿಕೊಂಡು ಹೆಣಿಗೆಯನ್ನು ಸಡಿಲಿಸುತ್ತದೆ, ಅಷ್ಟೆ! ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರು ಪಾಲಿನಷ್ಟು ಅಗಲದ ಕಿಂಡಿ ಬೀಳುತ್ತದೆ, ವೀರ್ಯಾಣು ನುಸುಳುತ್ತದೆ. ಬೇರೆ ಜಾತಿಯ ಅಬಲೋನಿಯ ಲೈಸಿನ್ನಿಗೆ ಈ ಹೆಣಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಮನುಷ್ಯನ ವೀರ್ಯಾಣುವಿನಲ್ಲಿ ಲೈಸಿನ್ ಇಲ್ಲ, ಆದರೆ ಟೊಪ್ಪಿಗೆ ಇದೆ. ಎರಡೂ ಜೀವಿಗಳ ಅಂಡಪೊರೆಯ ಪ್ರೊಟೀನುಗಳ ರಚನೆಯಲ್ಲಿ ಹೋಲಿಕೆಯಿರುವುದು 2017ರಲ್ಲಿ ಪ್ರಕಟವಾಯಿತು. ಅಪರೂಪಕ್ಕೆ ಕೆಲವು ಗಂಡಸರಲ್ಲಿ ವೀರ್ಯಾಣುಗಳ ತಲೆ ಚೆಂಡಿನಂತೆ ದುಂಡಗಿದ್ದು ಟೊಪ್ಪಿಗೆಯೇ ಇರುವುದಿಲ್ಲ. ಸಂಖ್ಯೆ ಎಷ್ಟಿದ್ದರೇನು, ಅವು ಅಂಡದ ಪೊರೆಯನ್ನು ದಾಟಲಾರವು. ಇದು ಬಹುಮಟ್ಟಿಗೆ ವಂಶವಾಹಿಗಳ ದೋಷ. ಟಾನಿಕ್ಕು, ಲೇಹ್ಯಗಳಿಗೆ ಹಣ ಸುರಿಯಬೇಡಿ. ಒಂದೇ ವೀರ್ಯಾಣುವನ್ನು ಸೂಜಿಯಿಂದ ನೇರವಾಗಿ ಅಂಡದೊಳಗೆ ಸೇರಿಸುವ ಇಕ್ಸಿ ಎಂಬ ವಿಧಾನವನ್ನು 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ವರದಿ ಮಾಡಿದರು. ಅದರಿಂದ ಇಂಥವರೂ ತಂದೆಯರಾಗಿದ್ದಾರೆ. ಆದರೆ ಖರ್ಚು ಹೆಚ್ಚು, ಇವರಲ್ಲಿ ಯಶಸ್ಸೂ ಕಡಿಮೆ.

ಆಕಾರದ ಅಂಕಿ ಚಿಕ್ಕದಾಗಿ ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ಅಳತೆ ಬಹಳ ಕಟ್ಟುನಿಟ್ಟಿನದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಆಕಾರದವು ಶೇ. 4ರಷ್ಟಿದ್ದರೂ ಸಾಮಾನ್ಯವೇ. ಜೋರು ಜ್ವರ ಬಂದು ಹೋದ ಮೇಲೆ ಕೆಲವು ವಾರ ಫಲಿತಾಂಶ ಏರುಪೇರಾಗುತ್ತದೆ. ಒಂದೇ ವರದಿಯನ್ನು ನಂಬದೆ ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ಪರೀಕ್ಷೆಗೆ ಮುನ್ನ 2ರಿಂದ 7 ದಿನ ವೀರ್ಯಸ್ಖಲನ ಆಗಿರಬಾರದು. ವರದಿ ಹಿಡಿದು ವೈದ್ಯರಲ್ಲಿಗೆ ಹೋಗುವಾಗ ಗಂಡ ಹೆಂಡತಿ ಇಬ್ಬರೂ ಹೋಗಿ. ಮೂರೂ ಅಂಕಿಗಳನ್ನು ಕೇಳಿ ತಿಳಿದುಕೊಳ್ಳಿ.